ಮುಟ್ಟಿದ್ದು ಟಿವಿಗೆ ಕಾಣಲಿಲ್ಲ

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಹಿಂದಿನ ಬಯಲಿನಲ್ಲಿ ಹೆಣ್ಣುಮಕ್ಕಳ ಕಬಡ್ಡಿಯ ಫೈನಲ್ ಮುಗಿಯುವುದಕ್ಕೆ ಒಂದೇ ಒಂದು ರೈಡು ಉಳಿದಿತ್ತು. ಶಹಾಬಾದ, ಚಿಂಚೋಳಿ ಎರಡೂ ತಂಡಗಳ ಅಂಕ ಸಮಸಮ. ಶಹಾಬಾದದ ಪರವಾಗಿ ರೈಡಿಗೆ ಹೊರಟವಳು ಭಂಕೂರಿನ ಕರುಣಾ. ಹಿಂದಿನ ಎರಡು ರೈಡು ಖಾಲಿ ಹೋಗಿದ್ದರಿಂದ ಈ ಸಲ ಯಾರನ್ನಾದರೂ ಮುಟ್ಟಿಯೇ ಬರಬೇಕಿತ್ತು. ಮುಟ್ಟಿ ಬಂದರೆ ಕಪ್ ಶಹಾಬಾದಕ್ಕೆ. ಬರಿಗೈಯಲ್ಲಿ ಬಂದರೆ ಅವಳೇ ಔಟು, ಕಪ್ ಚಿಂಚೋಳಿಗೆ.

ಹೊತ್ತು ಮುಳುಗುತ್ತಿತ್ತು. ಅಂಕಣಕ್ಕೆಂದು ತಂದು ಹರಡಿದ್ದ ಕೆಮ್ಮಣ್ಣು ದಿನವಿಡೀ ತುಳಿತಕ್ಕೆ ಸಿಕ್ಕಿ ಹಿಟ್ಟಿನಂತಾಗಿತ್ತು. ಸುತ್ತ ಸೇರಿದ್ದ ಮಂದಿ ಕುರ್ಚಿ ಬಿಟ್ಟೆದ್ದು, ಟವೆಲ್ಲು ಬೀಸುತ್ತ, ಶಿಳ್ಳೆ ಹೊಡೆಯುತ್ತ ಗೆರೆಯ ತನಕ ನುಗ್ಗಿ ಬಂದಿದ್ದರು. ಕರುಣಾಳಿಗೆ ಅದೊಂದೂ ಕೇಳಿಸುತ್ತಿರಲಿಲ್ಲ. ಅವಳ ಕಣ್ಣು ಬಲಮೂಲೆಯಲ್ಲಿ ನಿಂತಿದ್ದ ಚಿಂಚೋಳಿಯ ಲಕ್ಷ್ಮಿಯ ಕಾಲಿನ ಮೇಲಿತ್ತು. ಆ ಹುಡುಗಿ ಹಿಂದೆ ಸರಿಯುವಾಗ ಎಡಗಾಲನ್ನು ಒಂದು ಗಳಿಗೆ ತಡವಾಗಿ ಎತ್ತುತ್ತಾಳೆ ಎಂಬುದನ್ನು ಆಟದ ಮೊದಲರ್ಧದಲ್ಲೇ ಅವಳು ಕಂಡುಕೊಂಡಿದ್ದಳು.

ಎಡಕ್ಕೆ ಹೋಗುವವಳಂತೆ ಮೈ ತೂಗಿ, ಗಕ್ಕನೆ ಬಲಕ್ಕೆ ತಿರುಗಿ, ಮಂಡಿಯೂರಿ ಕೈ ಚಾಚಿದಳು. ಬೆರಳ ತುದಿಗೆ ಲಕ್ಷ್ಮಿಯ ಕಾಲ್ಬೆರಳು ತಾಗಿತು. ಉಗುರಿನ ಗಟ್ಟಿ, ಅದರಡಿಯ ಬೆವೆತ ಮೆತ್ತನೆಯ ಚರ್ಮ, ಎರಡೂ ತಾಗಿದವು. ಹಿಂದಕ್ಕೆ ಉರುಳಿ ನಡುಗೆರೆ ದಾಟಿ ಬಿದ್ದಳು. ಎರಡು ಹೆಜ್ಜೆ ದೂರದಲ್ಲಿದ್ದ ರೆಫರಿ ಗುರುಲಿಂಗಯ್ಯನವರು ಸೀಟಿ ಊದಿ ಶಹಾಬಾದದ ಕಡೆ ಕೈ ಎತ್ತಿದರು.

ಗೆಳತಿಯರು ಅವಳ ಮೇಲೆ ಬಿದ್ದು ಕುಣಿಯುತ್ತಿರುವಾಗಲೇ ಚಿಂಚೋಳಿಯ ನಾಯಕಿ ಎರಡು ಕೈ ಅಡ್ಡ ಹಿಡಿದು ಟಿವಿಯಲ್ಲಿ ನೋಡಬೇಕೆಂದು ಕೇಳಿದಳು. ಆ ವರ್ಷ ಕ್ರೀಡಾ ಮಂಡಳಿಯವರು ಹೊಸದಾಗಿ ಆ ಏರ್ಪಾಡು ಮಾಡಿದ್ದರು. ಆಟವೆಲ್ಲ ನೆಟ್ಟಿನಲ್ಲಿ ಲೈವ್ ಹೋಗುತ್ತಿತ್ತು. ಪೆಂಡಾಲಿನೊಳಗೆ ಒಂದು ಮೇಜಿನ ಮೇಲೆ ಟಿವಿ ಇಟ್ಟು, ಅದೇ ಲೈವನ್ನು ಅದರಲ್ಲಿ ಹಚ್ಚಿದ್ದರು. ತಕರಾರು ಬಂದರೆ ಹಿಂದಕ್ಕೆ ಓಡಿಸಿ ನೋಡುವುದು, ನೋಡಿ ಹೇಳುವುದು ಮಂಡಳಿಯ ಅಧ್ಯಕ್ಷ ದೇವೀಂದ್ರಪ್ಪನವರು. ಬಿಳಿ ಅಂಗಿಯ ತೋಳು ಮಡಚಿಕೊಂಡು ಅವರು ಟಿವಿಯ ಮುಂದೆ ಬಾಗಿದರು.

ಒಮ್ಮೆ ಓಡಿಸಿದರು, ಇನ್ನೊಮ್ಮೆ ನಿಧಾನವಾಗಿ ಓಡಿಸಿದರು. ಕರುಣಾ ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದಳು. ಚಿತ್ರದಲ್ಲಿ ಅವಳು ಕೈ ಚಾಚಿದ್ದೇ ತಡ, ಎಲ್ಲವೂ ಚೌಕ ಚೌಕವಾಗಿ ಒಡೆಯಿತು. ಮಂದಿಯ ಮುಖಗಳು ಕಲಸಿದ ಹಿಟ್ಟಿನಂತಾದವು. ಅವಳ ಮೊಣಕೈಯಿಂದ ಕೆಳಗೆ ಒಂದು ಕಂದು ತೇಪೆ. ಆ ತೇಪೆಗೂ ಲಕ್ಷ್ಮಿಯ ಪಾದಕ್ಕೂ ನಡುವೆ ಒಂದು ಗೇಣು ಬರೀ ಮಣ್ಣು, ನುಣ್ಣಗೆ, ಯಾರೂ ತುಳಿಯದ ಹಾಗೆ. ಮರುಗಳಿಗೆ ಚಿತ್ರ ಸರಿಯಾಯಿತು. ಅಷ್ಟರಲ್ಲಿ ಅವಳು ಹಿಂದಕ್ಕೆ ಉರುಳಿಯಾಗಿತ್ತು.

"ಮುಟ್ಟಿಲ್ಲ," ಎಂದರು ದೇವೀಂದ್ರಪ್ಪ. "ನೋಡ್ರಿ, ನಡುವ ಮಣ್ಣು ಸಾಫ್ ಕಾಣ್ಲಿಕತ್ತದ. ರೈಡರ್ ಔಟ್."

"ಮುಟ್ಟೀನ್ರಿ!" ಕರುಣಾ ಮುಂದೆ ಬಂದಳು. "ನನ್ನ ಬೆರಳಿಗಿ ತಾಗ್ಯಾದ. ಬೇಕಾದ್ರ ಆಕಿಗೇ ಕೇಳ್ರಿ."

"ನಾನೂ ನೋಡೀನ್ರಿ ಅಧ್ಯಕ್ಷರೇ," ಎಂದರು ಗುರುಲಿಂಗಯ್ಯ. "ಮುಟ್ಯಾಳ."

"ಗುರುಗಳೇ, ನಿಮ್ದು ವಯಸ್ಸಾದ ಕಣ್ಣು. ಇದು ಮಷೀನ್ ಅದ. ಮಷೀನ್ ಸುಳ್ಳ ಹೇಳ್ತದೇನು?"

ಕರುಣಾ ಲಕ್ಷ್ಮಿಯ ಕಡೆ ನೋಡಿದಳು. ಲಕ್ಷ್ಮಿ ತಲೆ ತಗ್ಗಿಸಿ ಕಾಲಿಗೆ ಕಟ್ಟಿದ ಪಟ್ಟಿಯನ್ನು ಬಿಚ್ಚುತ್ತಿದ್ದಳು. ಬಿಚ್ಚಿ, ಮತ್ತೆ ಕಟ್ಟುತ್ತಿದ್ದಳು. ಯಾರೂ ಅವಳನ್ನು ಏನೂ ಕೇಳಲಿಲ್ಲ.

"ಟಿವ್ಯಾಗ ನನ್ನ ಕೈಯೇ ಇಲ್ಲ!" ಕರುಣಾ ಪರದೆಗೆ ಬೆರಳಿಟ್ಟು ಕೂಗಿದಳು. "ನೋಡ್ರಿ, ಮೊಣಕೈತನಾ ಅದ, ಮುಂದ ಕೈ ಎಲ್ಲಿ ಹೋಯ್ತು? ಕಿತಗೊಂಡ ಹೋಯ್ತೇನು?"

"ಏ ಹುಡುಗಿ, ದೂರ ಸರಿ. ಎಷ್ಟು ಒದರ್ಲಿಕತ್ತಿ?" ದೇವೀಂದ್ರಪ್ಪನವರು ಪಕ್ಕದವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು, "ಇಂಥವರಿಗಿ ಸ್ವಲ್ಪ ಮುಂದ ಬರ್ಲಿಕ್ಕ ಬಿಟ್ರ ಹಿಂಗೇ, ತಲಿ ಮ್ಯಾಲ ಕುಂದ್ರತಾರ."

ಇಂಥವರು ಎಂದರೆ ಎಂಥವರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಭಂಕೂರಿನಲ್ಲಿ ಯಾವ ಓಣಿಯವಳು, ಮನೆಯ ಗೋಡೆಯ ಮೇಲೆ ಯಾರ ಫೋಟೋ ಇದೆ ಎನ್ನುವುದು ಹೆಸರು ಕೇಳಿದರೆ ತಿಳಿಯುವ ಊರುಗಳು ಅವು.

"ಇಂಥವರು ಅಂದ್ರ ಎಂಥವ್ರು?" ಎಂದಳು ಕರುಣಾ. ದನಿ ಸಣ್ಣಗಾಗಿತ್ತು. "ಹೇಳ್ರಿ. ಪೂರಾ ಹೇಳ್ರಿ."

ಅವರು ಕಪ್ ಇಟ್ಟಿದ್ದ ಕಡೆ ನಡೆದರು. ಅವಳು ಮೇಜನ್ನು ಎರಡೂ ಕೈಯಿಂದ ತಳ್ಳಿದಳು. ಟಿವಿ ಬೋರಲು ಬಿದ್ದು, ಗಾಜು ಸಿಡಿಯಿತು.

ಮರುದಿನವೇ ಮಂಡಳಿಯವರು ಅವಳನ್ನು ಎರಡು ವರ್ಷ ಆಟದಿಂದ ಹೊರಗಿಟ್ಟರು. ಮುಂದಿನ ತಿಂಗಳು ಕಲಬುರಗಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಮಂಡಳಿಯ ಮಾತನ್ನು ಆಯ್ಕೆ ಮಾಡುವವರು ಮೀರುವುದಿಲ್ಲ ಎಂದು ಕಾಲೇಜಿನ ದೈಹಿಕ ಶಿಕ್ಷಣದ ಭಾಗ್ಯಜ್ಯೋತಿ ಮೇಡಮ್ ಫೋನಿನಲ್ಲಿ ಹೇಳಿದಾಗ ಕರುಣಾ ಫೋನು ಇಟ್ಟಳು.

ಅದಕ್ಕಿಂತ ಕೆಟ್ಟದ್ದು ಆಮೇಲೆ ಬಂತು. ಯಾರೋ ಆ ಲೈವಿನಿಂದ ಆ ಒಂದು ತುಣುಕನ್ನು ಕತ್ತರಿಸಿ, ನಡುವಿನ ಮಣ್ಣಿಗೆ ಕೆಂಪು ಬಾಣ ಹಾಕಿ, ಹಿಂದೆ ಅವಳ 'ಮುಟ್ಟೀನ್ರಿ, ಮುಟ್ಟೀನ್ರಿ' ಕೂಗನ್ನು ಕತ್ತೆಯ ಅರಚಾಟದ ಜೊತೆ ಸೇರಿಸಿ ವಾಟ್ಸಾಪಿಗೆ ಬಿಟ್ಟರು. ಅದು ವಾಡಿಯಿಂದ ಶಹಾಬಾದಕ್ಕೆ, ಚಿತ್ತಾಪುರಕ್ಕೆ, ಸೇಡಂಗೆ ಹಾರಿತು. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ "ಮುಟ್ಟೀನ್ರಿ" ಎಂದು ರಾಗ ಎಳೆದರು. ಕರುಣಾ ತಿರುಗಿ ನೋಡಿದರೆ ಇಡೀ ಸೀಟು ಕಿಟಕಿಯ ಹೊರಗೆ ನೋಡುತ್ತಿತ್ತು.

ಅವಳ ತಾಯಿ ಅನಸುಬಾಯಿ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲನ್ನು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿಯೂ ಯಾರೋ ಆ ತುಣುಕು ತೋರಿಸಿದರಂತೆ. ಸಂಜೆ ಮನೆಗೆ ಬಂದವಳು ಕೈಕಾಲಿನ ಬಿಳಿ ಕೆಸರನ್ನೂ ತೊಳೆಯದೆ ಮಗಳ ಮುಂದೆ ಬಂದು ಕುಳಿತಳು.

"ನನಗ ಒಂದೇ ಮಾತು ಹೇಳು. ಮುಟ್ಟಿದ್ದೇನು?"

"ಮುಟ್ಟೀನಿ ಯವ್ವಾ."

"ಖರೇ?"

"ನೀನೂ ಹಂಗ ಕೇಳ್ತೀ?" ಕರುಣಾ ಎದ್ದು ನಿಂತಳು. "ನಿನ್ನ ಕೈಯಾಗ ಕಲ್ಲು ಹಿಡಿದಿದ್ದಿ ಅಂತ ತಿಳಿ. ಆ ಕಲ್ಲು ಫೋಟೋದಾಗ ಬಂದಿಲ್ಲಂದ್ರ ನಿನ್ನ ಕೈಯಾಗ ಕಲ್ಲೇ ಇದ್ದಿಲ್ಲೇನು?"

ಅನಸುಬಾಯಿ ಸೆರಗಿನಿಂದ ಕೈಯ ಕೆಸರು ಒರೆಸಿಕೊಂಡಳು. ಆಮೇಲೆ, "ಮತ್ತ ಇಲ್ಲಿ ನನ್ನ ಮ್ಯಾಲ ಯಾಕ ಸಿಟ್ಟು ತೆಗೀತಿ? ಆ ವಿಡಿಯೋ ಹಿಡದಾವ್ನ ಹಂತ್ಯಾಕ ಹೋಗು," ಎಂದು ಎದ್ದು ನೀರಿಗೆ ಹೋದಳು.

ಲೈವ್ ಮಾಡಿದ್ದವನು ಶಹಾಬಾದದ ಗನಿಸಾಬ. ಲಗ್ನದ ವಿಡಿಯೋ ತೆಗೆಯುತ್ತ ಮುಪ್ಪಾದವನು. ಭಾಗ್ಯಜ್ಯೋತಿ ಮೇಡಮ್ ಕರುಣಾಳನ್ನು ಹಿಂದೆ ಕೂರಿಸಿಕೊಂಡು ಸ್ಕೂಟಿಯಲ್ಲಿ ಅವನ ಸ್ಟುಡಿಯೋಕ್ಕೆ ಹೋದರು. ಮೇಡಮ್ಮಿಗೆ ಒಂದು ಆಸೆ ಇತ್ತು: ನೆಟ್ಟಿಗೆ ಹೋದದ್ದು ಹೇಗಾದರೂ ಇರಲಿ, ಕ್ಯಾಮೆರಾದೊಳಗೆ ಒಳ್ಳೆಯ ಚಿತ್ರ ಉಳಿದಿರಬೇಕು.

ಗನಿಸಾಬ ತಲೆ ಅಲ್ಲಾಡಿಸಿದ. "ಇಲ್ಲ ಮೇಡಮ್. ಅವತ್ತು ಕ್ಯಾಮೆರಾದಾಗ ಕಾರ್ಡೇ ಹಾಕಿದ್ದಿಲ್ಲ. ಬರೇ ಲೈವ್ ಸಾಕು ಅಂದಿದ್ರು. ಅದು ಬಂದಂಗ ಬಂತು, ಹೋದಂಗ ಹೋಯ್ತು."

"ಹಂಗಾದ್ರ ಆ ಮಣ್ಣು ಎಲ್ಲಿಂದ ಬಂತು?" ಕರುಣಾ ಕೇಳಿದಳು. "ನನ್ನ ಕೈ ಇದ್ದ ಜಾಗಾದಾಗ ಮಣ್ಣು ಹೆಂಗ ಕಾಣ್ತು?"

ಗನಿಸಾಬ ಮೇಜಿನ ಕೆಳಗಿಂದ ಒಂದು ಸಣ್ಣ ಕರಿ ಡಬ್ಬಿ ತೆಗೆದು ಮುಂದಿಟ್ಟ. "ಬೇಟಿ, ಕ್ಯಾಮೆರಾ ನೋಡಿದ್ದೆಲ್ಲಾ ಹಂಗೇ ಕಳಿಸ್ಲಿಕ್ಕ ಬರಂಗಿಲ್ಲ. ಅಷ್ಟು ದೊಡ್ಡ ಚಿತ್ರ ನೆಟ್ಟಿನಾಗ ಹಿಡಿಸಂಗಿಲ್ಲ. ಅದಕ್ಕ ಈ ಡಬ್ಬಿ ಚಿತ್ರ ಒತ್ತಿ ಒತ್ತಿ ಸಣ್ಣದ ಮಾಡ್ತದ. ಹೆಂಗಂದ್ರ, ಒಮ್ಮೆ ಪೂರಾ ಚಿತ್ರ ಕಳಸ್ತದ. ಆಮ್ಯಾಲ ಎಲ್ಲಿ ಬದಲಾಗ್ಯಾದೋ ಅಷ್ಟೇ ಕಳಸ್ತದ. ಬದಲಾಗಿಲ್ಲ ಅಂತ ಅದಕ್ಕ ಅನ್ನಿಸಿದ ಜಾಗಾದಾಗ ಹಳೀ ಚಿತ್ರಾನೇ ಬಿಟ್ಟು ಬಿಡ್ತದ."

"ಹಳೀದು?" ಮೇಡಮ್ ಕೇಳಿದರು.

"ಹಾಂ. ಮಂದಿ ಸುಮ್ನ ಕುಂತಿದ್ರ ಏನೂ ತ್ರಾಸಿಲ್ಲ, ಚಿತ್ರ ಸಾಫ್ ಬರ್ತದ. ಅವತ್ತ ಕಡೀ ರೈಡಿಗಿ ಎಲ್ಲಾರೂ ಎದ್ದು ಕುಣದ್ರು, ಟವೆಲ್ ಬೀಸಿದ್ರು, ಧೂಳ ಎದ್ದಿತ್ತು, ಬೆಳಕೂ ಕಮ್ಮಿ ಇತ್ತು. ಎಲ್ಲಾ ಕಡೀ ಬದಲಾದ್ರ ಎಲ್ಲಾ ಕಳಸ್ಬೇಕು. ನೆಟ್ ಬ್ಯಾರೆ ಆ ಹೊತ್ತಿಗಿ ತುಂಬಿ ಹೋಗಿತ್ತು, ಅಲ್ಲಿದ್ದ ಪ್ರತಿಯೊಬ್ಬನ ಕೈಯಾಗೂ ಫೋನ್. ಜಾಗಾ ಸಾಲ್ಲಿಲ್ಲಂದ್ರ ಡಬ್ಬಿ ದೊಡ್ಡದು ಹಿಡಕೊಂಡು ಸಣ್ಣಪುಟ್ಟದ್ದು ಬಿಟ್ಟು ಬಿಡ್ತದ. ಕಂದು ಕೈ, ಕೆಮ್ಮಣ್ಣು, ಮಬ್ಬು ಬೆಳಕು. ಅದಕ್ಕ ಎರಡೂ ಒಂದೇ ಕಂಡಾವ. ಬದಲಾಗಿಲ್ಲ ಅಂತ ಮುಂಚಿನ ಮಣ್ಣೇ ಇಟ್ಟದ."

ಕರುಣಾ ಆ ಡಬ್ಬಿಯನ್ನು ಕೈಗೆತ್ತಿಕೊಂಡಳು. ಅವಳ ಕೈ ಅಲ್ಲಿಗೆ ಬರುವ ಮುಂಚಿನ ಮಣ್ಣನ್ನು ತೋರಿಸಿ, ನಿನ್ನ ಕೈ ಬಂದೇ ಇಲ್ಲ ಎಂದಿದ್ದರು. ಅದನ್ನೇ ಊರೂರಿಗೆ ಹಂಚಿ ನಕ್ಕಿದ್ದರು.

"ನನ್ನ ಬೆರಳು ಸಣ್ಣಪುಟ್ಟದ್ದೇನು?" ಎಂದಳು.

"ನಾ ಹಂಗ ಅಂದಿಲ್ಲ ಬೇಟಿ, ಡಬ್ಬಿಗಿ..."

"ಡಬ್ಬಿಗಿ ಗೊತ್ತಿಲ್ಲ, ನಿಮಗ ಗೊತ್ತಿತ್ತಲ್ಲ! ನೀವು ಅಲ್ಲೇ ಕ್ಯಾಮೆರಾ ಹಿಂದ ನಿಂತಿದ್ರಿ. ಅಧ್ಯಕ್ಷರು 'ಮಷೀನ್ ಸುಳ್ಳ ಹೇಳಂಗಿಲ್ಲ' ಅಂದಾಗ ನಿಮ್ಮ ಬಾಯಿಗಿ ಏನಾಗಿತ್ತು?"

ಗನಿಸಾಬ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸತೊಡಗಿದ. "ದೊಡ್ಡ ಮಂದಿ. ಮುಂದಿನ ವಾರನೂ ಅವರದೇ ಕೆಲಸ ಅದ, ಗಂಡಹುಡುಗರ ಪಂದ್ಯ. ನಾ ಏನ್ ಅನ್ಲಿ?"

"ಮುಂದಿನ ವಾರ? ಅದೇ ಬಯಲಿನಾಗ? ಇದೇ ಡಬ್ಬಿ?"

"ಹೌದು."

ಕರುಣಾ ಮೇಡಮ್ಮಿನ ಕಡೆ ತಿರುಗಿದಳು. "ಮೇಡಮ್, ಮತ್ತೊಮ್ಮೆ ಮುಟ್ಟಿ ತೋರಸ್ತೀನಿ. ಎಲ್ಲಾರ ಮುಂದ. ಆ ಟಿವಿ ಏನ್ ತೋರಸ್ತದ ನೋಡೋಣು."

ಮಂಡಳಿಯವರನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಟಿವಿ ಒಡೆದವಳಿಗೆ ಬಯಲಿನೊಳಗೆ ಕಾಲಿಡಲು ಬಿಡುವುದಿಲ್ಲ ಎಂದರು. ಕೊನೆಗೆ ಕೆಲಸ ಆದದ್ದು ಗುರುಲಿಂಗಯ್ಯನವರಿಂದ. ಅವರು ಸೀಟಿಯನ್ನು ಕೊರಳಿನಿಂದ ತೆಗೆದು ದೇವೀಂದ್ರಪ್ಪನವರ ಮುಂದೆ ಇಟ್ಟರಂತೆ. "ನನ್ನ ಕಣ್ಣು ಕೆಟ್ಟಾವ ಅಂತ ನಾಕು ಮಂದಿ ಮುಂದ ಅಂದೀರಿ. ಆ ಹುಡುಗಿ ಒಂದು ಸಲ ತೋರಸ್ತೀನಿ ಅಂತಾಳ. ಬ್ಯಾಡಂದ್ರ ರವಿವಾರ ನಿಮ್ಮ ಪಂದ್ಯಕ್ಕ ನೀವೇ ಸೀಟಿ ಊದ್ರಿ," ಎಂದರಂತೆ. ಪಂದ್ಯಕ್ಕೆ ಬೇರೆ ರೆಫರಿ ಸಿಗದೆ, ದೇವೀಂದ್ರಪ್ಪನವರು ನಕ್ಕು, "ಬರ್ಲಿ ಬಿಡ್ರಿ, ಮಂದಿಗೂ ಒಂದು ತಮಾಷಾ ಆಗ್ತದ," ಎಂದರು.

ಭಾನುವಾರ ಸಂಜೆ, ಸೆಮಿಫೈನಲ್ಲಿಗೂ ಫೈನಲ್ಲಿಗೂ ನಡುವಿನ ಬಿಡುವಿನಲ್ಲಿ, ಕರುಣಾ ಅಂಕಣಕ್ಕೆ ಇಳಿದಳು. ಬಯಲು ತುಂಬಿತ್ತು. ಅವಳನ್ನು ಕಂಡದ್ದೇ ಎಲ್ಲಿಂದಲೋ "ಮುಟ್ಟೀನ್ರಿ" ಕೂಗು ಬಂತು, ಅದರ ಬೆನ್ನಿಗೆ ನಗು. ಅವಳು ಹಲ್ಲು ಕಚ್ಚಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡಳು.

"ಆ ಕಡೀ ಯಾರು ನಿಂದ್ರತಾರ?" ಗುರುಲಿಂಗಯ್ಯ ಕೇಳಿದರು.

"ಅಧ್ಯಕ್ಷರೇ ನಿಂದರ್ಲಿ," ಎಂದಳು ಕರುಣಾ. "ಮುಟ್ಟಿದ್ದು ಅವರ ಮೈಗೇ ಗೊತ್ತಾಗ್ಲಿ."

ಮಂದಿ ಹೋ ಎಂದರು. ದೇವೀಂದ್ರಪ್ಪನವರ ಮುಖ ಒಂದು ಗಳಿಗೆ ಬಿಗಿಯಿತು. ಅಷ್ಟು ಜನರೆದುರು ಹಿಂದೆಗೆಯುವುದು ಅವರಿಗೆ ಆಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ, ಬಲಮೂಲೆಗೆ ಹೋಗಿ ನಿಂತರು.

ಕರುಣಾ ದಮ್ಮು ಹಿಡಿದು ಹೋದಳು, ಮಂಡಿಯೂರಿದಳು, ಅವರ ಕಾಲ್ಬೆರಳನ್ನು ಮುಟ್ಟಿ ಹಿಂದೆ ಬಂದಳು. ಹೊಸ ಟಿವಿಯಲ್ಲಿ ಓಡಿಸಿ ನೋಡಿದರು. ಬೆರಳು, ಪಾದ, ತಾಗಿದ್ದು, ಎಲ್ಲ ಕನ್ನಡಿಯಲ್ಲಿ ಕಂಡಂತೆ ಕಂಡಿತು.

ನಗೆಯ ಅಲೆ ಎದ್ದಿತು. "ಕಾಣ್ತಲ್ಲವಾ!" ದೇವೀಂದ್ರಪ್ಪನವರು ಕೈ ಅಗಲಿಸಿ ಮಂದಿಯ ಕಡೆ ತಿರುಗಿದರು. "ಮುಟ್ಟಿದ್ರ ಕಾಣ್ತದ. ಅವತ್ತ ಕಂಡಿಲ್ಲಂದ್ರ ಮುಟ್ಟಿಲ್ಲ. ಮುಗೀತಲ್ಲ?"

ಮೇಡಮ್ ಗೆರೆಯ ಹೊರಗೆ ತಲೆಗೆ ಕೈ ಹಚ್ಚಿ ನಿಂತಿದ್ದರು. ಗನಿಸಾಬ ಮಾತ್ರ ಕ್ಯಾಮೆರಾದ ಹಿಂದಿನಿಂದ ಕರುಣಾಳನ್ನೇ ನೋಡುತ್ತ, ಮಂದಿಯ ಕಡೆ ಕೈ ತೋರಿಸಿದ. ಅವಳು ತಿರುಗಿ ನೋಡಿದಳು. ಸಾವಿರ ಮಂದಿ, ಎಲ್ಲರೂ ಕುರ್ಚಿಯಲ್ಲಿ, ನೆಲದ ಮೇಲೆ, ಗೋಡೆಯ ಮೇಲೆ ನೆಮ್ಮದಿಯಾಗಿ ಕುಳಿತು ತಮಾಷೆ ನೋಡುತ್ತಿದ್ದರು. ಒಂದು ಟವೆಲ್ಲೂ ಅಲುಗುತ್ತಿರಲಿಲ್ಲ.

"ಏಳ್ರಿ ಮ್ಯಾಲ!" ಕರುಣಾ ಚೀರಿದಳು. ಮೈಕೇ ಬೇಕಾಗಲಿಲ್ಲ. "ಅವತ್ತ ಗೆರಿ ಮ್ಯಾಲ ಬಂದು ಕುಣದ್ರಲ್ಲ, ಈಗ ಯಾಕ ಕಲ್ಲಾಗಿ ಕುಂತೀರಿ? ನನ್ನ ನೋಡಿ ನಗ್ಲಿಕ್ಕ ಬರ್ತದ, ಕುಣೀಲಿಕ್ಕ ಬರಲ್ಲೇನು? ಕುಣೀರಿ! ಧೂಳ ಎಬ್ಬಸ್ರಿ! ಫೋನ್ ತೆಗೀರಿ, ಎಲ್ಲಾರೂ ತೆಗೀರಿ! ಅವತ್ತ ಹೆಂಗ ಇದ್ರಿ ಹಂಗೇ ಇರ್ರಿ, ಆಮ್ಯಾಲ ನನಗ ಸುಳ್ಳಿ ಅನ್ರಿ!"

ಮೊದಲು ಎದ್ದವರು ಶಹಾಬಾದದ ತಂಡದ ಹುಡುಗಿಯರು. ಆಮೇಲೆ ಒಂದು ಮೂಲೆಯಿಂದ ಶಿಳ್ಳೆ ಬಂತು. ಆಮೇಲೆ ಆಟಗಾರ ಹುಡುಗರು, ಆಮೇಲೆ ಕಾಂಪೌಂಡಿನ ಮೇಲಿದ್ದವರು. ನೋಡನೋಡುತ್ತ ಇಡೀ ಬಯಲು ಎದ್ದು ನಿಂತಿತು. ಕೆಲವರು ಅವಳ ಪರವಾಗಿ, ಕೆಲವರು ಅವಳನ್ನು ಅಣಕಿಸಲು, ಬಹಳ ಮಂದಿ ಬರೀ ಹುರುಪಿಗೆ. ಯಾಕಾದರೂ ಇರಲಿ, ಟವೆಲ್ಲು ಹಾರಿದವು, ಕಾಲಡಿಯ ಮಣ್ಣು ಮೊಣಕಾಲಿನ ತನಕ ಎದ್ದಿತು. ಹೊತ್ತೂ ಅಷ್ಟರಲ್ಲಿ ಇಳಿದಿತ್ತು.

ಕರುಣಾ ಮತ್ತೆ ಹೋದಳು. ಈ ಸಲ ಅವಳು ಮುಟ್ಟಲಿಲ್ಲ, ಹೊಡೆದಳು. ನಾಲ್ಕೂ ಬೆರಳು ಅವರ ಹೆಬ್ಬೆರಳಿಗೆ ಚಟ್ಟೆಂದು ಬಡಿದವು. "ಹಾಯ್!" ಎಂದು ದೇವೀಂದ್ರಪ್ಪನವರು ಕಾಲೆತ್ತಿ ಕುಪ್ಪಳಿಸಿದರು. ಮುಂದಿನ ಸಾಲಿನವರಿಗೆಲ್ಲ ಕೇಳಿಸಿತು.

"ಓಡಸ್ರಿ ಈಗ," ಎಂದಳು ಕರುಣಾ.

ಟಿವಿಯಲ್ಲಿ ಅವಳು ಮಂಡಿಯೂರಿದಳು. ಮಂದಿ ಹಿಟ್ಟಾದರು. ದೇವೀಂದ್ರಪ್ಪನವರ ಮುಖ ಚೌಕ ಚೌಕವಾಗಿ ಕದಡಿತು, ಮೂಗು ಒಂದು ಕಡೆ, ಬಾಯಿ ಒಂದು ಕಡೆ. ಕರುಣಾಳ ಕೈ ಮೊಣಕೈಯಿಂದಾಚೆ ಕಂದು ತೇಪೆಯಾಯಿತು. ಅದರ ಮುಂದೆ ಒಂದು ಗೇಣು ಮಣ್ಣು, ನುಣ್ಣಗೆ, ಸಾಫ್. ಅದರಾಚೆ ಅಧ್ಯಕ್ಷರ ಪಾದ, ಯಾರೂ ಮುಟ್ಟದ ಪಾದ. ಮರುಗಳಿಗೆಯಲ್ಲಿ ಆ ಪಾದ ತನ್ನಷ್ಟಕ್ಕೆ ತಾನೇ ಗಾಳಿಯಲ್ಲಿ ಕುಪ್ಪಳಿಸಿತು.

ನೋಡಿದವರು ಹಿಂದಿನವರಿಗೆ ಹೇಳಿದರು, ಹಿಂದಿನವರು ಅವರ ಹಿಂದಿನವರಿಗೆ. ಸುದ್ದಿ ಬಯಲಿನ ಅಂಚಿನ ತನಕ ಹೋಯಿತು.

"ಟಿವಿ ಮುಟ್ಟಿಲ್ಲ ಅಂತದ," ಕರುಣಾ ಅವರ ಎದುರು ಬಂದು ನಿಂತಳು. "ನೀವ್ ಹೇಳ್ರಿ. ಮುಟ್ಟೀನೋ ಇಲ್ಲೋ?"

ದೇವೀಂದ್ರಪ್ಪನವರು ಹೆಬ್ಬೆರಳು ತಿಕ್ಕಿಕೊಳ್ಳುತ್ತಿದ್ದರು. ಅತ್ತ ಇತ್ತ ನೋಡಿದರು. "ಮುಟ್ಟಿದ್ದಿ," ಎಂದರು.

"ಜೋರ್ಲೆ."

"ಮುಟ್ಯಾಳ್ರೀಪ, ಮುಟ್ಯಾಳ!" ಎಂದು ಅವರು ಕೈ ಬೀಸಿ ಮೈಕು ತರಿಸಿಕೊಂಡರು. ಮೈಕು ಕೈಗೆ ಬಂದದ್ದೇ ಅವರ ದನಿ ಮತ್ತೆ ಅಧ್ಯಕ್ಷರದಾಯಿತು. ಟಿವಿಯಿಂದ ಒಂದು ತಪ್ಪು ತಿಳುವಳಿಕೆ ಆಗಿದೆ, ಕುಮಾರಿ ಕರುಣಾಳ ಮೇಲಿನ ನಿಷೇಧವನ್ನು ಮಂಡಳಿ ಹಿಂದಕ್ಕೆ ತೆಗೆದುಕೊಂಡಿದೆ, ಇನ್ನು ಮುಂದೆ ರೆಫರಿಯ ತೀರ್ಮಾನವೇ ಕೊನೆ, ಆದರೆ ಮುಗಿದ ಪಂದ್ಯ ಮುಗಿದಂತೆ, ಕಪ್ ಬದಲಾಗುವುದಿಲ್ಲ ಎಂದರು. "ತಪ್ಪು ಯಾರದೂ ಅಲ್ಲ. ತಪ್ಪು ಟಿವೀದು," ಎಂದು ನಕ್ಕರು. ಯಾರೋ ಒಂದು ಶಾಲು ತಂದರು. ಅದನ್ನು ಹೊದಿಸಲು ಅವರು ಕರುಣಾಳ ಕಡೆ ಬಂದರು.

ಅವಳು ಶಾಲನ್ನು ಕೈಯಿಂದ ತಡೆದು, ಇನ್ನೊಂದು ಕೈಯಿಂದ ಮೈಕು ಕಸಿದುಕೊಂಡಳು.

"ಮುಟ್ಟಿಲ್ಲ ಅಂತ ಟಿವಿ ತೋರಸ್ತು, ಅದು ಟಿವಿ ತಪ್ಪು. ಒಪ್ಪಿದೆ," ಎಂದಳು. "ಇಂಥವರಿಗಿ ಮುಂದ ಬರ್ಲಿಕ್ಕ ಬಿಟ್ರ ತಲಿ ಮ್ಯಾಲ ಕುಂದ್ರತಾರ ಅಂತ ಟಿವಿ ಅಂದಿಲ್ಲ. ಟಿವಿಗಿ ನನ್ನ ಓಣಿ ಗೊತ್ತಿಲ್ಲ. ಅದು ನೀವ್ ಅಂದಿದ್ದು. ರೆಫರಿ ಮುಟ್ಯಾಳ ಅಂದ್ರು, ನಂಬಿಲ್ಲ. ನಾ ಮುಟ್ಟೀನಿ ಅಂದೆ, ನಂಬಿಲ್ಲ. ಒಡದು ಹೋದ ಚಿತ್ರ ನಂಬಿದ್ರಿ. ಯಾಕಂದ್ರ ಅದು ನಿಮಗ ಬೇಕಾದ್ದ ಹೇಳ್ತು. ಆ ಮಾತು ಹಿಂದಕ್ಕ ತೊಗೊಳ್ರಿ. ಇಲ್ಲೇ. ಇದೇ ಲೈವಿನಾಗ."

ದೇವೀಂದ್ರಪ್ಪನವರ ನಗು ಮುಖದ ಮೇಲೇ ಒಣಗಿತು. "ನಾ ಹಂಗ್ಯಾಕ ಅಂತೀನಿ? ಯಾವ ಅರ್ಥದಾಗೂ ನಾ..."

"ಅಂದೀರಿ," ಎಂದರು ಗುರುಲಿಂಗಯ್ಯ. ಅವರ ಹತ್ತಿರ ಮೈಕಿರಲಿಲ್ಲ, ಆದರೂ ಕೇಳಿಸಿತು. "ನನ್ನ ಕಣ್ಣು ಹೋಗ್ಯಾವ ಅಂತ ಅನ್ರಿ, ಕಿವಿ ಇನ್ನೂ ಅದಾವ."

ದೇವೀಂದ್ರಪ್ಪನವರು ಫೋನು ಬಂದವರಂತೆ ಜೇಬಿಗೆ ಕೈ ಹಾಕಿ, ಫೋನನ್ನು ಕಿವಿಗೆ ಹಿಡಿದು ಪೆಂಡಾಲಿನ ಹಿಂದೆ ಹೋದರು. ಚಪ್ಪಲಿ ಮೂಲೆಯಲ್ಲೇ ಉಳಿಯಿತು. ಆ ಮಾತನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅಂದೂ ಇಲ್ಲ, ಆಮೇಲೂ ಇಲ್ಲ. ಮೇಡಮ್ ಬಂದು ಭುಜ ಹಿಡಿಯುವ ತನಕ ಕರುಣಾ ಮೈಕು ಹಿಡಿದು ನಿಂತೇ ಇದ್ದಳು.

ಮನೆಗೆ ಬಂದಾಗ ಅನಸುಬಾಯಿ ಎಲ್ಲವನ್ನೂ ಫೋನಿನಲ್ಲಿ ನೋಡಿಬಿಟ್ಟಿದ್ದಳು. ಮಗಳಿಗೆ ರೊಟ್ಟಿ ಬಡಿಸುತ್ತ, "ಅವ ತಿರುಗಿ ಬಂದ್ನೇನು?" ಎಂದಳು.

"ಇಲ್ಲ."

"ಬರಂಗಿಲ್ಲ. ಉಣ್ಣು."

ಕಲಬುರಗಿಯ ಆಯ್ಕೆಯಲ್ಲಿ ಕರುಣಾ ಜಿಲ್ಲಾ ತಂಡಕ್ಕೆ ಬಂದಳು. ಚಿಂಚೋಳಿಯ ಲಕ್ಷ್ಮಿಯೂ ಬಂದಳು. ತರಬೇತಿಯ ಮೊದಲ ಮುಂಜಾನೆ ನಲ್ಲಿಯ ಹತ್ತಿರ ಕರುಣಾ ಮುಖ ತೊಳೆಯುತ್ತಿದ್ದಾಗ ಲಕ್ಷ್ಮಿ ಬಂದು ನಿಂತಳು. ಬಕೀಟಿನ ಹಿಡಿಕೆ ತಿರುವುತ್ತ, "ಅಕ್ಕಾ, ಅವತ್ತ ನೀ ಮುಟ್ಟಿದ್ದಿ. ನನಗ ಗೊತ್ತಾಗಿತ್ತು," ಎಂದಳು.

ಕರುಣಾ ನಲ್ಲಿ ನಿಲ್ಲಿಸಿದಳು.

"ನನಗ ಯಾರೂ ಕೇಳ್ಲಿಲ್ಲಕ್ಕ. ಕೇಳಿದ್ರ ಹೇಳ್ತಿದ್ನೇನೋ. ನಮ್ಮ ತಂಡದವರೆಲ್ಲಾ ಕುಣೀಲಿಕತ್ತಿದ್ರು. ನನಗ ಅಂಜಿಕಿ ಬಂತು."

"ಕೇಳಬೇಕಿತ್ತೇನು ನಿನಗ?" ಎಂದಳು ಕರುಣಾ. "ನಾ ನಿನ್ನ ಕಡೀನೇ ನೋಡ್ಲಿಕತ್ತಿದ್ದೆ. ಆ ವಿಡಿಯೋ ನಿನ್ನ ಫೋನಿಗೂ ಬಂದಿರಬೇಕಲ್ಲ, ಕತ್ತೆ ಒದರೂದು? ಅದನ್ನ ನೋಡಿದ ಮ್ಯಾಲೂ ಅಂಜಿಕಿ ಹೋಗ್ಲಿಲ್ಲೇನು?"

ಲಕ್ಷ್ಮಿಯ ಕಣ್ಣು ತುಂಬಿದವು. ಕರುಣಾ ಸಮಾಧಾನ ಹೇಳಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದಳು. ಅಂದು ಅವಳ ಪಕ್ಕ ಕುಳಿತು ಉಪ್ಪಿಟ್ಟೂ ತಿನ್ನಲಿಲ್ಲ.

ಸಂಜೆ ಅಭ್ಯಾಸದ ಪಂದ್ಯ. ಕೋಚು ಇಬ್ಬರನ್ನೂ ಒಂದೇ ಕಡೆ ಹಾಕಿ, ಹಿಡಿಯುವಾಗ ಕೈಗೆ ಕೈ ಕೊಟ್ಟು ಸರಪಳಿ ಕಟ್ಟಿರಿ ಎಂದರು. ಬಲಮೂಲೆಯಲ್ಲಿ ಲಕ್ಷ್ಮಿ, ಅವಳ ಪಕ್ಕಕ್ಕೆ ಕರುಣಾ. ಲಕ್ಷ್ಮಿ ಕೈ ಚಾಚಿದಳು. ಕರುಣಾ ಅದನ್ನು ಮಣಿಕಟ್ಟಿಗೆ ಹಿಡಿದಳು, ಬೆರಳಿನ ಗುರುತು ಚರ್ಮದ ಮೇಲೆ ಮೂಡುವಷ್ಟು ಬಿಗಿಯಾಗಿ. ಲಕ್ಷ್ಮಿ ಹಲ್ಲು ಕಚ್ಚಿದಳೇ ಹೊರತು ಕೈ ಬಿಡಿಸಿಕೊಳ್ಳಲಿಲ್ಲ. ಎದುರಿನ ರೈಡರು ದಮ್ಮು ಹಿಡಿದು ಒಳಗೆ ಬಂದಳು, ಎಡಕ್ಕೆ ತೂಗಿದಳು, ಬಲಕ್ಕೆ ನುಗ್ಗಿದಳು.

"ಈಗ!" ಎಂದಳು ಕರುಣಾ. ಇಬ್ಬರೂ ಒಟ್ಟಿಗೇ ಮುನ್ನುಗ್ಗಿ ಅವಳನ್ನು ಕೆಡವಿದರು.